ಸಿಲ್ವರ್ ಮರದ ಹಲಗೆಯಲ್ಲಿ ವೈನ್ ರ‍್ಯಾಕ್ ಮಾಡಬೇಕೆಂದಿದ್ದೇನೆ: ಅಳತೆ, ಜೋಡಣೆ, ಎಣ್ಣೆಯ ಬಗ್ಗೆ ಸಲಹೆ ಕೊಡಿ

ತೋಟದಮನೆ | ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮರಗೆಲಸದಲ್ಲಿ ನಾನು ಹೊಸಬ. ಇದುವರೆಗಿನ ಸಾಧನೆ ಒಂದು ಕೋಳಿಗೂಡು, ಒಂದು ಚಪ್ಪಲಿ ಗೂಡು. ಕೋಳಿಗಳಿಂದ ದೂರು ಬಂದಿಲ್ಲ. ಚಪ್ಪಲಿ ಗೂಡು ಮಾತ್ರ ಬಾಗಿಲ ಕಡೆಗೆ ಸ್ವಲ್ಪ ವಾಲಿದೆ.

ನಮ್ಮ ಅತ್ತೆಯವರು ಪ್ರತಿ ವರ್ಷ ಮನೆಯಲ್ಲೇ ವೈನ್ ಹಾಕುತ್ತಾರೆ. ನೀಲಿ ದ್ರಾಕ್ಷಿಯದು ಮುಖ್ಯ. ಜೊತೆಗೆ ನೆಲ್ಲಿಕಾಯಿ, ಶುಂಠಿ, ಒಮ್ಮೊಮ್ಮೆ ವೀಳ್ಯದೆಲೆಯದೂ ಉಂಟು. ಭರಣಿಯಿಂದ ಸೋಸಿ, ಕೈಗೆ ಸಿಕ್ಕ ಬಾಟಲಿಗಳಿಗೆಲ್ಲ ತುಂಬಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಉಗ್ರಾಣದ ಮೂಲೆಗೆ ಸೇರಿಸುವುದು ಪದ್ಧತಿ. ಕಳೆದ ಮಳೆಗಾಲದಲ್ಲಿ ಆ ರಟ್ಟು ತೇವ ಹಿಡಿದು, ಎತ್ತುವಾಗ ತಳ ಕಳಚಿ, ಮೂರು ಬಾಟಲಿ ನೆಲದ ಪಾಲಾದವು. "ಆ ಕೋಳಿಗೂಡಿನ ಹಾಗೆ ಇದಕ್ಕೂ ಏನಾದರೂ ಮಾಡಿ" ಎಂದು ಅತ್ತೆಯವರು ಹೇಳಿದ್ದಾರೆ. ಅದು ಹೊಗಳಿಕೆಯೋ ಅಲ್ಲವೋ ತಿಳಿಯದೆ ಒಪ್ಪಿಕೊಂಡಿದ್ದೇನೆ.

ಮರ ಇದೆ. ಮೂರು ವರ್ಷದ ಹಿಂದೆ ಮಳೆಗೆ ಬಿದ್ದ ಒಂದು ಸಿಲ್ವರ್ ಮರವನ್ನು ಕೊಯ್ಯಿಸಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೆ. ಒಂಬತ್ತು ಹಲಗೆ; ಒಂದೊಂದೂ ಆರು ಅಡಿ ಉದ್ದ, ಏಳು ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಎರಡು ಹಲಗೆಗಳ ಒಂದು ಅಂಚಿನಲ್ಲಿ ತೊಗಟೆ ಹಾಗೆಯೇ ಇದೆ. ಅದನ್ನು ತೆಗೆಯದೆ, ನುಣುಪು ಮಾಡದೆ, ಕಾಡಿನಿಂದ ಈಗಷ್ಟೇ ಬಂದಂತೆ ಒರಟಾಗಿ ಕಾಣುವ ರ‍್ಯಾಕ್ ಮಾಡಬೇಕೆಂಬ ಆಸೆ. ಕೈ ಗರಗಸ, ಡ್ರಿಲ್ ಯಂತ್ರ, ಎರಡು ಉಳಿ, ತಂದೆಯ ಕಾಲದ ಹತ್ತರಿ ನನ್ನ ಬಳಿ ಇವೆ. ಈಗ ಮನೆಯಲ್ಲಿರುವುದು 41 ಬಾಟಲಿ. ಎಲ್ಲಿಂದ ಶುರು ಮಾಡಲಿ?

ಹಳೇ ಗರಗಸ | ಭಾನುವಾರ, ರಾತ್ರಿ 10.02

ಮರದಿಂದ ಶುರು ಮಾಡಬೇಡಿ. ಬಾಟಲಿಯಿಂದ ಶುರು ಮಾಡಿ. ಎಲ್ಲ 41ನ್ನೂ ಹೊರಗೆ ತೆಗೆದು ಸಾಲಾಗಿ ನಿಲ್ಲಿಸಿ, ಹೊಟ್ಟೆಯ ಅಗಲ, ಕುತ್ತಿಗೆಯ ಅಗಲ, ಎತ್ತರ ಮೂರನ್ನೂ ಬರೆದುಕೊಳ್ಳಿ. ನೇರ ಭುಜದ ಮಾಮೂಲಿ 750 ಮಿ.ಲೀ. ವೈನ್ ಬಾಟಲಿಯಾದರೆ ಹೊಟ್ಟೆ ಸುಮಾರು 75 ಮಿ.ಮೀ., ಕುತ್ತಿಗೆ 30ರ ಆಸುಪಾಸು, ಎತ್ತರ 30 ಸೆಂ.ಮೀ. ಇಳಿಭುಜದ ಬಾಟಲಿಯ ಹೊಟ್ಟೆ ಇನ್ನೂ ದೊಡ್ಡದು. ಶಾಂಪೇನ್ ಬಾಟಲಿ 88 ಮಿ.ಮೀ.ವರೆಗೂ ಹೋಗುತ್ತದೆ. ನೀವು "ಕೈಗೆ ಸಿಕ್ಕ ಬಾಟಲಿ" ಎಂದಿರುವುದರಿಂದ ನಿಮ್ಮಲ್ಲಿ ಚೌಕನೆಯ ರಮ್ ಬಾಟಲಿಯೂ ಇರಬಹುದು ಎಂದು ನನ್ನ ಊಹೆ. ಅದಕ್ಕೆ ದುಂಡು ಕಚ್ಚು ಉಪಯೋಗವಿಲ್ಲ.

ಮೈಸೂರಿನಲ್ಲಿ ನಮ್ಮ ತಂದೆ ನಲವತ್ತು ವರ್ಷ ಮರಗೆಲಸದ ಅಂಗಡಿ ನಡೆಸಿದರು. ಗಿರಾಕಿ ಬೀರು ಬೇಕೆಂದು ಬಂದರೆ ಅವರು ಮೊದಲು ಕೇಳುತ್ತಿದ್ದದ್ದು "ಒಳಗೆ ಏನು ಇಡುತ್ತೀರಿ?" ಎಂದು. ಹಣದ ಮಾತು ಆಮೇಲೆ.

ಟೆರೇಸ್ ಬಡಗಿ | ಭಾನುವಾರ, ರಾತ್ರಿ 10.20

ಸಿಲ್ವರ್ ಮರ ಕೊಯ್ಯಿಸಿದ್ದೀರಿ, ಅರಣ್ಯ ಇಲಾಖೆಯ ಅನುಮತಿ ಬೇಡವೇ? ಬೆಂಗಳೂರಿನಲ್ಲಿ ಒಂದು ಕೊಂಬೆ ಕಡಿಯಲೂ ಅರ್ಜಿ ಹಿಡಿದು ಓಡಾಡುವವನು ನಾನು, ಅದಕ್ಕೆ ಕೇಳಿದೆ.

ತೋಟದಮನೆ | ಭಾನುವಾರ, ರಾತ್ರಿ 10.31

ಸಿಲ್ವರ್ ಓಕ್‌ಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲೇ ವಿನಾಯಿತಿ ಇದೆ. ನೀಲಗಿರಿ, ಗಾಳಿಮರ, ರಬ್ಬರ್ ಕೂಡ ಅದೇ ಪಟ್ಟಿಯಲ್ಲಿವೆ. ಅದು ಆಸ್ಟ್ರೇಲಿಯಾದಿಂದ ಬಂದ ಮರ. ನಮ್ಮಲ್ಲಿ ಕಾಫಿಗೆ ನೆರಳು, ಕಾಳುಮೆಣಸಿನ ಬಳ್ಳಿಗೆ ಆಸರೆ. ಬೀಟೆ, ತೇಗವಾಗಿದ್ದರೆ ಕಥೆಯೇ ಬೇರೆ. ಬಿದ್ದರೂ ಮುಟ್ಟುವ ಮುಂಚೆ ಹತ್ತು ಸಲ ಯೋಚಿಸುತ್ತಿದ್ದೆ.

ಬೇಸರದವ | ಭಾನುವಾರ, ರಾತ್ರಿ 11.15

ಇಷ್ಟೆಲ್ಲ ಯಾಕೆ? ಪೇಟೆಗೆ ಹೋಗಿ ಒಂದು ಕಬ್ಬಿಣದ ರ‍್ಯಾಕ್ ತನ್ನಿ.

ತೋಟದಮನೆ | ಸೋಮವಾರ, ಬೆಳಿಗ್ಗೆ 6.40

ನಮ್ಮ ಉಗ್ರಾಣದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಗದ ಕೈಯೂ ತುಕ್ಕು ಹಿಡಿಯುತ್ತದೆ, ಸ್ವಾಮಿ.

ನಂದಿ ತಪ್ಪಲು | ಸೋಮವಾರ, ಬೆಳಿಗ್ಗೆ 8.05

ನಾನು ಬಡಗಿಯಲ್ಲ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವ ಮನೆತನ. ಕೆಲವು ವರ್ಷ ಒಂದು ವೈನರಿಯ ನೆಲಮಾಳಿಗೆಯಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಅತ್ತೆಯವರು ಬಳಸುವ ನೀಲಿ ದ್ರಾಕ್ಷಿ ಬಹುಶಃ ನಮ್ಮ ಕಡೆಯದೇ. ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ.

ಅಳತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ನಿಮ್ಮ ಬಾಟಲಿಗಳಿಗೆ ಬಾಯಿ ಮುಚ್ಚಿರುವುದು ಯಾವುದರಿಂದ? ವೈನ್ ಬಾಟಲಿಯನ್ನು ಮಲಗಿಸುವುದು ಅಂದಕ್ಕಲ್ಲ. ಒಳಗಿನ ವೈನ್ ಬೆಂಡಿನ ಬಿರಡೆಗೆ ತಾಗುತ್ತಿರಬೇಕು. ತಾಗದಿದ್ದರೆ ಬಿರಡೆ ತಿಂಗಳುಗಟ್ಟಲೆ ಒಣಗಿ, ಕುಗ್ಗಿ, ಗಾಳಿ ಒಳಗೆ ಹೋಗುತ್ತದೆ, ವೈನ್ ಹುಳಿಯಾಗುತ್ತದೆ. ತಿರುಪು ಮುಚ್ಚಳದ ಬಾಟಲಿಗೆ ಈ ತಾಪತ್ರಯವೇ ಇಲ್ಲ. ಅದು ನಿಂತೇ ಇರಬಹುದು. ಒಮ್ಮೆ ತೆಗೆದು ಮತ್ತೆ ಹಾಕಿದ ಹಳೆಯ ತಿರುಪು ಮುಚ್ಚಳವಂತೂ ಮಲಗಿಸಿದರೆ ಒಸರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಮಾತು, ಇದು ಎಚ್ಚರಿಕೆ. ಮನೆಯ ವೈನ್‌ನಲ್ಲಿ ಸಕ್ಕರೆ ಉಳಿದು, ಹುದುಗು ಇನ್ನೂ ಬದುಕಿದ್ದರೆ ಬಾಟಲಿಯೊಳಗೂ ಹುದುಗುವಿಕೆ ನಡೆಯುತ್ತಲೇ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಒತ್ತಡ ಏರಿ ಬಿರಡೆ ಹಾರುತ್ತದೆ, ಇಲ್ಲವೇ ಬಾಟಲಿಯೇ ಒಡೆಯುತ್ತದೆ. ಶಾಂಪೇನ್ ಬಾಟಲಿಯ ಗಾಜು ದಪ್ಪವಿರುವುದು ಆ ಒತ್ತಡಕ್ಕಾಗಿಯೇ. ಉಳಿದ ಬಾಟಲಿಗಳು ಅದನ್ನು ತಡೆಯುವುದಿಲ್ಲ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಉಪಕರಣ) ಇದ್ದರೆ ಕೆಲವು ದಿನ ಬಿಟ್ಟು ಬಿಟ್ಟು ನೋಡಿ. ಓದು ಬದಲಾಗದೆ ನಿಂತ ಮೇಲೆ ಬಾಟಲಿಗೆ ತುಂಬಿಸಿ. ಅಲ್ಲಿಯವರೆಗೆ ಎಷ್ಟು ಚೆಂದದ ರ‍್ಯಾಕ್ ಆದರೂ ಅದರ ಮೇಲೆ ಇಡಬೇಡಿ.

ಸಂಪ್ರದಾಯಿ | ಸೋಮವಾರ, ಬೆಳಿಗ್ಗೆ 9.30

ಮನೆಯಲ್ಲಿ ಇಂಥದ್ದನ್ನು ಮಾಡುವುದೇ ತಪ್ಪು. ಅದಕ್ಕೆ ಗೂಡು ಬೇರೆ ಕಟ್ಟುತ್ತಾರಂತೆ.

ನಿರ್ವಾಹಕ | ಸೋಮವಾರ, ಬೆಳಿಗ್ಗೆ 9.52

ಇದು ಮರಗೆಲಸದ ಚರ್ಚೆ. ಕುಡಿಯಬೇಕೇ ಬೇಡವೇ ಎಂಬುದಕ್ಕೆ ಪ್ರತ್ಯೇಕ ವಿಭಾಗವಿದೆ, ಅಲ್ಲಿ ಆಗಲೇ 300 ಉತ್ತರಗಳಿವೆ. ಹಾಗೆಯೇ, ಮನೆಯ ವೈನ್ ಮಾರಾಟದ ವಿಚಾರವನ್ನೂ ಇಲ್ಲಿ ಎತ್ತಬೇಡಿ. ಅದಕ್ಕೆ ಪರವಾನಗಿ ಬೇಕು.

ತೋಟದಮನೆ | ಸೋಮವಾರ, ರಾತ್ರಿ 8.45

ನಂದಿ ತಪ್ಪಲು ಅವರೇ, ನಿಮ್ಮ ಮಾತು ಓದಿ ಸಂಜೆ ಎಲ್ಲವನ್ನೂ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದೆ. ದಾರಿಯಲ್ಲಿ ಹೋಗುತ್ತಿದ್ದವರು ಮನೆಯಲ್ಲಿ ಏನು ವಿಶೇಷ ಎಂದು ಕೇಳಿದರು. ಲೆಕ್ಕ ಹೀಗಿದೆ: ಬೆಂಡಿನ ಬಿರಡೆಯವು 17, ತಿರುಪು ಮುಚ್ಚಳದವು 24. ಹಳೇ ಗರಗಸ ಅವರ ಊಹೆ ನಿಜ. ಚೌಕನೆಯ ರಮ್ ಬಾಟಲಿ ಐದಿವೆ. ನಾನು 41ನ್ನೂ ಮಲಗಿಸುವ ಚಿತ್ರ ಬರೆದು ಗೋಡೆಗೆ ಅಂಟಿಸಿಯಾಗಿತ್ತು.

ಅಂದ ಹಾಗೆ, ಶುಂಠಿಯ ಎರಡು ಬಾಟಲಿಗಳ ಮುಚ್ಚಳ ಸಡಿಲಿಸಿದಾಗ ಬುಸ್ ಎಂದವು. ಅವನ್ನು ಬೇರೆ ಇಟ್ಟಿದ್ದೇನೆ.

ಹಳೇ ಗರಗಸ | ಸೋಮವಾರ, ರಾತ್ರಿ 9.30

ಈಗ ರ‍್ಯಾಕ್ ತಾನೇ ತಾನಾಗಿ ಹುಟ್ಟುತ್ತದೆ ನೋಡಿ. ಮೇಲೆ ಮೂರು ಸಾಲು ಮಲಗುವವು, ಸಾಲಿಗೆ ಆರು, ಒಟ್ಟು 18. ಕೆಳಗೆ ನಿಲ್ಲುವವಕ್ಕೆ ಎರಡು ಅಂತಸ್ತು. ಒಂದೊಂದರಲ್ಲಿ ಹಿಂದೆ ಮುಂದೆ ಎರಡು ಸಾಲು, ಸಾಲಿಗೆ ಏಳು, ಒಟ್ಟು 28. ತುಂಬಿದ ಬಾಟಲಿ ಒಂದಕ್ಕೆ 1.3 ಕೆ.ಜಿ. ಹಿಡಿಯಿರಿ, 41ಕ್ಕೆ 53 ಕೆ.ಜಿ. ಆಯಿತು. ಭಾರವೆಲ್ಲ ಕೆಳಗಿದ್ದರೆ ಒಳ್ಳೆಯದು, ಅದಕ್ಕೇ ನಿಲ್ಲುವವನ್ನು ಕೆಳಗೆ ಹಾಕಿದ್ದು.

ಮಲಗುವ ಸಾಲಿಗೆ ಹಲಗೆ ಬೇಡ. ಹಿಂದೊಂದು ಮುಂದೊಂದು ಪಟ್ಟಿ ಸಾಕು. ಹಿಂದಿನ ಪಟ್ಟಿಯ ಕಚ್ಚಿನಲ್ಲಿ ಹೊಟ್ಟೆ, ಮುಂದಿನದರಲ್ಲಿ ಕುತ್ತಿಗೆ. ಅರ್ಧಚಂದ್ರದ ಈ ಕಚ್ಚುಗಳನ್ನು ಒಂದೊಂದಾಗಿ ಕೊರೆಯುತ್ತ ಕೂರಬೇಡಿ. ಏಳಿಂಚು ಹಲಗೆಯ ನಟ್ಟನಡುವೆ ಉದ್ದಕ್ಕೂ ಗೆರೆ ಎಳೆಯಿರಿ. ಆ ಗೆರೆಯ ಮೇಲೆ 11 ಸೆಂ.ಮೀ.ಗೆ ಒಂದರಂತೆ 83 ಮಿ.ಮೀ. ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸುವ ಬಳೆಯಂಥ ದುಂಡು ಗರಗಸ) ಹಾಕಿ ಆರು ದುಂಡು ತೂತು ಮಾಡಿ. ಆಮೇಲೆ ಗೆರೆಯ ಮೇಲೆ ಗರಗಸ ಹಾಯಿಸಿ ಹಲಗೆಯನ್ನು ಉದ್ದಕ್ಕೆ ಸೀಳಿ. ಒಂದೇ ಏಟಿಗೆ ಎರಡು ಪಟ್ಟಿ ಸಿಗುತ್ತವೆ, ಎರಡರ ಕಚ್ಚೂ ಒಂದಕ್ಕೊಂದು ತಾಳೆಯಾಗುತ್ತದೆ. ಕುತ್ತಿಗೆಯ ಪಟ್ಟಿಗೂ ಇದೇ ಉಪಾಯ, ಹೋಲ್ ಸಾ ಮಾತ್ರ 38 ಮಿ.ಮೀ.ದು.

ಎರಡು ಅಳತೆಯ ಹೋಲ್ ಸಾ ಏಕೆಂದರೆ: ಎರಡೂ ಪಟ್ಟಿಯ ಮೇಲಂಚು ಒಂದೇ ಮಟ್ಟದಲ್ಲಿದ್ದಾಗ ಬಾಟಲಿಯ ನಡುಗೆರೆಯೂ ಆ ಮಟ್ಟಕ್ಕೇ ಹೊಂದಿ ಮಲಗುತ್ತದೆ. ರಸಮಟ್ಟ ಇಟ್ಟು ಪರದಾಡುವ ಕೆಲಸವಿಲ್ಲ. ಸಾಲಿನಿಂದ ಸಾಲಿಗೆ 16 ಸೆಂ.ಮೀ. ಬಿಡಿ. ಕಡಿಮೆಯಾದರೆ ಬಾಟಲಿ ಒಳಗೆ ಹೋಗುತ್ತದೆ, ಎತ್ತಿ ಹೊರಗೆ ತೆಗೆಯಲು ಜಾಗ ಸಿಗುವುದಿಲ್ಲ. ನಾನು ಮಾಡಿದ ಮೊದಲ ರ‍್ಯಾಕ್‌ನಲ್ಲಿ ನಡುವಿನ ಸಾಲಿನ ಬಾಟಲಿ ಬೇಕೆಂದರೆ ಮೇಲಿನ ಆರನ್ನೂ ಇಳಿಸಬೇಕಿತ್ತು. ಗಿರಾಕಿ ಒಳ್ಳೆಯವರು, ಏನೂ ಅನ್ನಲಿಲ್ಲ. ಮತ್ತೆ ಬರಲೂ ಇಲ್ಲ.

ದೊಡ್ಡ ಹೋಲ್ ಸಾ ಕೈಯಲ್ಲಿ ಹಿಡಿದ ಡ್ರಿಲ್ಲಿಗೆ ಹಾಕಿದಾಗ ಎಚ್ಚರ. ಅದು ಮರದಲ್ಲಿ ಕಚ್ಚಿಕೊಂಡರೆ ಯಂತ್ರ ಗಿರಕ್ಕನೆ ತಿರುಗಿ ಮಣಿಕಟ್ಟು ಉಳುಕುತ್ತದೆ. ನಿಧಾನ ವೇಗ, ಎರಡೂ ಕೈ, ಹಲಗೆಯನ್ನು ಮೇಜಿಗೆ ಬಿಗಿದಿರಬೇಕು. ಅರ್ಧ ಒಂದು ಮಗ್ಗುಲಿನಿಂದ, ಅರ್ಧ ಇನ್ನೊಂದು ಮಗ್ಗುಲಿನಿಂದ ಕೊರೆದರೆ ಅಂಚಿನಲ್ಲಿ ಸಿಬಿರು ಏಳುವುದಿಲ್ಲ.

ಒಂಟೇರಿಯೊ ಕನ್ನಡಿಗ | ಮಂಗಳವಾರ, ಬೆಳಿಗ್ಗೆ 5.20

ನಮ್ಮಲ್ಲಿ ಇದಕ್ಕಿಂತ ಸುಲಭದ ದಾರಿಯೊಂದಿದೆ. ಎರಡಡಿ ಚೌಕದ ಪೆಟ್ಟಿಗೆ, ಒಳಗೆ ಮೂಲೆಯಿಂದ ಮೂಲೆಗೆ ಎರಡು ಹಲಗೆಗಳನ್ನು ಕತ್ತರಿಯಾಕಾರದಲ್ಲಿ ಕೂರಿಸುವುದು. ನಾಲ್ಕು ತ್ರಿಕೋನ ಗೂಡುಗಳಲ್ಲಿ ಬಾಟಲಿಗಳನ್ನು ಸೌದೆಯಂತೆ ಒಟ್ಟುವುದು. ಒಂದು ಶನಿವಾರದಲ್ಲಿ ಮುಗಿಯಿತು. ಮನೆಯ ನೆಲಮಾಳಿಗೆ ವರ್ಷದ ಬಹುಪಾಲು ತಂಪಾಗಿಯೇ ಇರುವುದರಿಂದ ಉಷ್ಣತೆಯ ಚಿಂತೆಯೂ ಕಡಿಮೆ. ಪೈನ್ ಮರ, ಅಂಗಡಿಯಲ್ಲೇ ಹತ್ತರಿ ಹಿಡಿದು ಮಾರುತ್ತಾರೆ. ಅವರು ಎರಡಿಂಚು ನಾಲ್ಕಿಂಚು ಎಂದು ಕರೆಯುವ ತುಂಡು ಅಳೆದರೆ ಒಂದೂವರೆ ಮೂರೂವರೆ ಇರುತ್ತದೆ ಎಂಬುದು ಮಾತ್ರ ನನಗೆ ಮರ ಕೊಯ್ದ ಮೇಲೆ ತಿಳಿಯಿತು.

ಹಳೇ ಗರಗಸ | ಮಂಗಳವಾರ, ಬೆಳಿಗ್ಗೆ 7.15

ಕತ್ತರಿ ಗೂಡು ಗಟ್ಟಿಮುಟ್ಟು, ಒಪ್ಪುತ್ತೇನೆ. ಆದರೆ ಎಲ್ಲ ಬಾಟಲಿಯೂ ಒಂದೇ ಅಳತೆಯದಾಗಿದ್ದರೆ ಮಾತ್ರ. ಬೇರೆ ಬೇರೆ ಗಾತ್ರದವನ್ನು ಒಟ್ಟಿ ಕೆಳಗಿನದೊಂದನ್ನು ಎಳೆದರೆ ಉಳಿದವು ಉರುಳಿ ಕಾಲಿನ ಮೇಲೆ ಬರುತ್ತವೆ. ತೋಟದಮನೆ ಅವರ ಬಾಟಲಿ ಸಂಸಾರಕ್ಕೆ ಅದು ಹೊಂದುವುದಿಲ್ಲ.

ಟೆರೇಸ್ ಬಡಗಿ | ಮಂಗಳವಾರ, ಮಧ್ಯಾಹ್ನ 1.10

ತೋಟವಿಲ್ಲದವರಿಗಾಗಿ ಒಂದು ಮಾತು. ನಾನು ಪೀಣ್ಯದ ಕಡೆಯಿಂದ ತಂದ ಹಳೆಯ ಪ್ಯಾಲೆಟ್‌ನಿಂದ ಹನ್ನೆರಡು ಬಾಟಲಿಯ ರ‍್ಯಾಕ್ ಮಾಡಿದ್ದೇನೆ. ಕೊಳ್ಳುವ ಮುಂಚೆ ಪ್ಯಾಲೆಟ್‌ನ ಪಕ್ಕದ ಮುದ್ರೆ ನೋಡಿ. ಗೋಧಿ ತೆನೆಯಂಥ ಗುರುತಿನ ಪಕ್ಕದಲ್ಲಿ ಎಚ್‌ಟಿ ಎಂದಿದ್ದರೆ ಅದನ್ನು ಶಾಖದಿಂದ ಶುದ್ಧಿ ಮಾಡಿದ್ದಾರೆ ಎಂದರ್ಥ. ಮರದ ತಿರುಳು 56 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಇರಬೇಕೆಂಬುದು ನಿಯಮ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು. ಅದನ್ನು ಮನೆಯೊಳಗೆ ತರಬೇಡಿ. ಯಾವ ಮುದ್ರೆಯೂ ಇಲ್ಲದೆ ಎಣ್ಣೆಯ ಕಲೆ ಇದ್ದರೆ ಅದೂ ಬೇಡ. ಮೊಳೆಗಳನ್ನು ಒಂದೂ ಬಿಡದೆ ಕೀಳಿ. ಒಳಗೆ ಮುರಿದು ಉಳಿದ ಒಂದೇ ಮೊಳೆ ನನ್ನ ಹೊಸ ಗರಗಸದ ಹಲ್ಲು ತಿಂದಿತು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮಾಡಿದ ರ‍್ಯಾಕನ್ನು ಅಡುಗೆಮನೆಯಲ್ಲಿ ಫ್ರಿಜ್ಜಿನ ಮೇಲೆ ಇಟ್ಟೆ. ನೋಡಲು ಚೆನ್ನಾಗಿತ್ತು. ಆದರೆ ಅಲ್ಲಿ ಸದಾ ಬಿಸಿ, ಸದಾ ಕಂಪನ. ಏಪ್ರಿಲ್ ಕಳೆಯುವಷ್ಟರಲ್ಲಿ ಮಗಳು ಕೊಡಿಸಿದ್ದ ಒಳ್ಳೆಯ ಬಾಟಲಿಯ ಬಿರಡೆ ಮುಂದೆ ತಳ್ಳಿಕೊಂಡು ಬಂದಿತ್ತು. ಈಗ ಮೆಟ್ಟಿಲ ಕೆಳಗಿದೆ.

ನಂದಿ ತಪ್ಪಲು | ಮಂಗಳವಾರ, ಮಧ್ಯಾಹ್ನ 2.00

ಮೆಟ್ಟಿಲ ಕೆಳಗೆ ಸರಿ. ನೆಲಮಾಳಿಗೆಯಲ್ಲಿ ನಾವು 12ರಿಂದ 14 ಡಿಗ್ರಿ ಕಾಯುತ್ತಿದ್ದೆವು. ಮನೆಯಲ್ಲಿ ಅದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬಿಸಿಲು ಬೀಳಬಾರದು, ಹಗಲು ರಾತ್ರಿಯ ನಡುವೆ ಬಿಸಿ ಏರಿಳಿಯಬಾರದು. ಇವೆರಡನ್ನು ಪಾಲಿಸಿದರೆ ವರ್ಷದೊಳಗೆ ಕುಡಿಯುವ ಮನೆಯ ವೈನ್‌ಗೆ ಧಾರಾಳವಾಯಿತು.

ಕಡಲ ಮಗ್ಗುಲು | ಮಂಗಳವಾರ, ಸಂಜೆ 6.30

ಕುಂದಾಪುರದಿಂದ ನಮಸ್ಕಾರ. ಹುಳು ಹತ್ತದಿರಲು ಗೇರೆಣ್ಣೆ ಬಳಿಯಿರಿ. ನಮ್ಮ ಅಜ್ಜನ ಕಾಲದಲ್ಲಿ ಮಾಡಿನ ಪಕಾಸಿಗೆ, ದೋಣಿಗೆ ಬಳಿದದ್ದು ಅದನ್ನೇ. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ. ಕಪ್ಪಗೆ ಕಾಣುತ್ತದೆ, ನೀವು ಬಯಸುವ ಹಳೆಯ ಕಾಲದ ಒರಟು ನೋಟವೂ ಬರುತ್ತದೆ.

ಹಳೇ ಗರಗಸ | ಮಂಗಳವಾರ, ರಾತ್ರಿ 8.50

ಮಾಡಿಗೆ, ದೋಣಿಗೆ ಅದಕ್ಕೆ ಸಮನಾದದ್ದಿಲ್ಲ. ಆದರೆ ವೈನ್ ಇಡುವ ಕೋಣೆಗೆ ಬೇಡ. ವಾಸನೆ ಬೇಗ ಹೋಗುವುದಿಲ್ಲ. ತಂಪು ಹವೆಯಲ್ಲಿ ಒಣಗುವುದೂ ನಿಧಾನ. ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಅತ್ತೆಯವರು ಬಾಟಲಿ ತೆಗೆಯಲು ಹೋಗಿ ಕೈ ಸುಟ್ಟುಕೊಂಡರೆ ತೋಟದಮನೆ ಅವರು ಕೋಳಿಗೂಡಿಗೇ ವಾಸ ಬದಲಿಸಬೇಕಾದೀತು.

ಕಡಲ ಮಗ್ಗುಲು | ಮಂಗಳವಾರ, ರಾತ್ರಿ 9.05

ಗುಳ್ಳೆಯ ಮಾತು ನಿಜ. ಚಿಕ್ಕಂದಿನಲ್ಲಿ ಅನುಭವಿಸಿದ್ದೇನೆ. ಮಾತು ಹಿಂದೆ ತೆಗೆದುಕೊಂಡೆ.

ತೋಟದಮನೆ | ಬುಧವಾರ, ರಾತ್ರಿ 8.20

ಹಲಗೆಗಳನ್ನು ಅಟ್ಟದಿಂದ ಇಳಿಸಿದೆ. ಒಂದು ಸಮಸ್ಯೆ. ತೊಗಟೆ ಇರುವ ಎರಡು ಹಲಗೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳು. ಬಡಿದರೆ ಹಿಟ್ಟಿನಂಥ ಹುಡಿ ಉದುರುತ್ತದೆ. ಉಳಿದ ಏಳು ಚೆನ್ನಾಗಿವೆ. ತೊಗಟೆಯನ್ನು ಉಳಿಸಿಕೊಳ್ಳಲು ದಾರಿ ಉಂಟೇ? ಒರಟು ನೋಟವೆಲ್ಲ ಅದರಲ್ಲೇ ಇದೆ.

ಹಳೇ ಗರಗಸ | ಬುಧವಾರ, ರಾತ್ರಿ 9.00

ಕುಟ್ಟೆ ಹಿಡಿದಿದೆ. ತೊಗಟೆಯ ಆಸೆ ಬಿಡಿ. ತೊಗಟೆ ಮತ್ತು ಅದರ ಒಳಗಿನ ಬಿಳಿ ಭಾಗವೇ ಹುಳುವಿಗೆ ಊಟದ ಮನೆ. ಒಣಗಿದ ಮೇಲೆ ತೊಗಟೆ ಹೇಗೂ ಸಿಪ್ಪೆಯಂತೆ ಕಳಚಿ ಬೀಳುತ್ತದೆ. ಆ ಎರಡು ಹಲಗೆಗಳನ್ನು ಒಲೆಗೆ ಹಾಕಿ, ಉಳಿದವುಗಳ ಪಕ್ಕದಲ್ಲಿ ಇಡಲೂ ಬೇಡಿ. ಒಳ್ಳೆಯ ಏಳಕ್ಕೆ ಬಿಳಿಗಾರ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದು, ನೆರಳಲ್ಲಿ ಒಣಗಿಸಿ. ಎಣ್ಣೆ, ಬಣ್ಣ ಏನೂ ಹಚ್ಚುವ ಮುಂಚೆಯೇ ಬಳಿಯಬೇಕು, ಹಚ್ಚಿದ ಮೇಲೆ ಅದು ಒಳಗೆ ಇಳಿಯುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಒರಟು ನೋಟದ ಬಗ್ಗೆ ನನ್ನದೊಂದು ಹಟ ಇದೆ, ಕ್ಷಮಿಸಿ. ಒರಟು ಎಂದರೆ ಮೈ ಒರಟಾಗಿರಬೇಕೇ ಹೊರತು ಕೆಲಸ ಒರಟಾಗಿರಬಾರದು. ಹಳ್ಳಿಯ ಹಳೆಯ ಒರಳು, ಮಣೆ, ನೇಗಿಲು ನೋಡಿ. ಮೇಲೆ ಬಾಚಿಯ ಗುರುತು ಹಾಗೆಯೇ ಇರುತ್ತದೆ, ಆದರೆ ಕಚ್ಚು ಕೂಡುವ ಜಾಗದಲ್ಲಿ ಕೂದಲು ತೂರುವುದಿಲ್ಲ. ಗರಗಸದ ಗೆರೆ ಇರುವ ಮುಖವನ್ನು ಹೊರಗೆ ಮಾಡಿ, ಹಾಗೆಯೇ ಬಿಡಿ. ಅಂಚುಗಳನ್ನು ಮಾತ್ರ ಹತ್ತರಿಯಿಂದ ಸ್ವಲ್ಪ ಹೊಡೆದು ಉಪ್ಪುಕಾಗದ ತಿಕ್ಕಿ. ಕೈ ಆಡುವ ಜಾಗದಲ್ಲಿ ಸಿಬಿರು ಇರಬಾರದು. ಮೇಲೆ ಬೇಯಿಸಿದ ಅಗಸೆ ಎಣ್ಣೆ ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ, ಕೊನೆಗೆ ಜೇನುಮೇಣ. ಸಿಲ್ವರ್ ಮರದ ಚುಕ್ಕೆ ಚುಕ್ಕೆ ಹೊಳಪು ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಅದರ ಮುಂದೆ ತೊಗಟೆ ಏನೂ ಅಲ್ಲ.

ಟೆರೇಸ್ ಬಡಗಿ | ಬುಧವಾರ, ರಾತ್ರಿ 9.25

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗಲಾರದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಾನು ನಂಬಿರಲಿಲ್ಲ. ಒಂದು ರಾತ್ರಿ ಟೆರೇಸಿನ ಬಕೆಟ್‌ನಿಂದ ಹೊಗೆ ಬಂದ ಮೇಲೆ ನಂಬಿದೆ. ಬಿಡಿಸಿ ಹಗ್ಗದ ಮೇಲೆ ಒಂದೊಂದಾಗಿ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ತೋಟದಮನೆ | ಮೂರು ವಾರಗಳ ನಂತರ, ಭಾನುವಾರ, ರಾತ್ರಿ 8.00

ಮುಗಿಸಿದೆ. ಮುಗಿಸಿದೆ ಎಂದುಕೊಂಡಿದ್ದೆ ಎಂಬುದು ಸರಿಯಾದ ಮಾತು.

ಮೊದಲು ಒಳ್ಳೆಯದು. ಅಗಲ 72 ಸೆಂ.ಮೀ., ಎತ್ತರ ನೆಲದಿಂದ 125. ಪಕ್ಕದ ಚೌಕಟ್ಟುಗಳಿಗೆ ಅರ್ಧ ಕಚ್ಚು (ಎರಡೂ ಮರದಲ್ಲಿ ಅರ್ಧರ್ಧ ದಪ್ಪ ತೆಗೆದು ಕೂಡಿಸುವುದು) ಹಾಕಿ, ಫೆವಿಕಾಲ್ ಹಚ್ಚಿ, ತಿರುಪು ಬಿಗಿದೆ. ತುದಿಯ ಹತ್ತಿರ ನೇರವಾಗಿ ತಿರುಪು ಹಾಕಿದಾಗ ಮೊದಲ ಪಟ್ಟಿ ಸೀಳಿತು. ಆಮೇಲೆ ಪ್ರತಿಯೊಂದಕ್ಕೂ ತೆಳು ತೂತು ಕೊರೆದುಕೊಂಡೆ. ಹೋಲ್ ಸಾ ಒಮ್ಮೆ ಕಚ್ಚಿಕೊಂಡು ತಿರುಗಿತು, ಎರಡು ಕೈಯಲ್ಲಿ ಹಿಡಿದಿದ್ದರಿಂದ ಬಚಾವು. ಏಳು ಹಲಗೆ ಸಾಲದೆ ಕೆಳಗಿನ ಅಂತಸ್ತಿಗೆ ಹಳೆಯ ಮಂಚದ ಹಲಸಿನ ಹಲಗೆ ಹಾಕಿದೆ. ಬಣ್ಣ ಬೇರೆ, ಆದರೆ ಚೆನ್ನಾಗಿಯೇ ಕಾಣುತ್ತದೆ.

ಈಗ ಎಡವಟ್ಟು. ಪೇಟೆಯ ಅಂಗಡಿಯಲ್ಲಿ 83ರ ಹೋಲ್ ಸಾ ಸಿಕ್ಕಿತು, 38ರದು ಇರಲಿಲ್ಲ. ಮತ್ತೆ ಯಾರು ಹೋಗುತ್ತಾರೆ ಎಂದು ಕುತ್ತಿಗೆಯ ಪಟ್ಟಿಗೂ ದೊಡ್ಡದರಲ್ಲೇ ಕೊರೆದೆ. ಕುತ್ತಿಗೆ ಹೇಗೂ ಅದರೊಳಗೆ ಕೂರುತ್ತದಲ್ಲ ಎಂಬ ಲೆಕ್ಕ. ಕೂತಿತು. ಎಲ್ಲ ಬಾಟಲಿಗಳೂ ಮೂಗು ತಗ್ಗಿಸಿ, ನೆಲದ ಮೇಲೆ ಏನೋ ಬಿದ್ದಿದೆ ಎಂದು ಹುಡುಕುವಂತೆ ಮುಂದಕ್ಕೆ ಬಾಗಿ ಮಲಗಿದವು. ಒರಟು ರ‍್ಯಾಕ್ ಅಲ್ಲವೇ, ಇದೂ ಒಂದು ಚೆಂದ ಎಂದು ಸಮಾಧಾನ ಹೇಳಿಕೊಂಡೆ. ಒಂದು ವಾರ ಕಳೆದು ನಿನ್ನೆ ಅತಿಥಿಗಳಿಗೆಂದು ಅತ್ತೆಯವರು ಒಂದನ್ನು ತೆಗೆದು ಬಗ್ಗಿಸಿದರೆ, ಮೊದಲ ಲೋಟಕ್ಕೆ ಬಂದದ್ದು ಪೂರ್ತಿ ಗಸಿ. ತಳದಲ್ಲಿರಬೇಕಾದದ್ದೆಲ್ಲ ಬಾಯಿಗೆ ಬಂದು ನಿಂತಿತ್ತು. ಎರಡು ಬಿರಡೆಗಳ ಸುತ್ತ ಒಸರಿಯೂ ಇದೆ. ಅತ್ತೆಯವರು ಏನೂ ಅನ್ನಲಿಲ್ಲ. ಲೋಟವನ್ನು ನನ್ನ ಮುಂದೆ ಇಟ್ಟರು, ಅಷ್ಟೇ.

ಹಳೇ ಗರಗಸ | ಭಾನುವಾರ, ರಾತ್ರಿ 8.35

ಹೊಸ ಪಟ್ಟಿ ಬೇಡ, ಇರುವುದನ್ನೇ ಮೇಲಕ್ಕೆತ್ತಿ. ಲೆಕ್ಕ ಸುಲಭ. ಹೊಟ್ಟೆಯ ಅರ್ಧ 37.5 ಮಿ.ಮೀ., ಕುತ್ತಿಗೆಯ ಅರ್ಧ 15. ವ್ಯತ್ಯಾಸ 22.5. ಎರಡೂ ಕಚ್ಚು ಒಂದೇ ಆಳ ಇರುವುದರಿಂದ ಕುತ್ತಿಗೆ ಅಷ್ಟು ಕೆಳಗೆ ಇಳಿದಿದೆ. ಮುಂದಿನ ಪಟ್ಟಿಯ ತಿರುಪು ಬಿಚ್ಚಿ 22 ಮಿ.ಮೀ. ಮೇಲೆ ಕೂರಿಸಿ ಬಿಗಿಯಿರಿ. ಪಟ್ಟಿಗೂ ಫೆವಿಕಾಲ್ ಹಾಕಿದ್ದೀರಾ?

ತೋಟದಮನೆ | ಭಾನುವಾರ, ರಾತ್ರಿ 8.40

ಇಲ್ಲ, ಪಟ್ಟಿಗೆ ತಿರುಪು ಮಾತ್ರ. ಫೆವಿಕಾಲ್ ಡಬ್ಬಿ ಖಾಲಿಯಾಗಿತ್ತು.

ಹಳೇ ಗರಗಸ | ಭಾನುವಾರ, ರಾತ್ರಿ 8.42

ಖಾಲಿ ಡಬ್ಬಿಗೆ ಕೈ ಮುಗಿಯಿರಿ. ಒಂದು ತೊಂದರೆ ಉಳಿಯುತ್ತದೆ: ಅಗಲ ಕಚ್ಚಿನಲ್ಲಿ ಕುತ್ತಿಗೆ ಆಚೀಚೆ ಹೊರಳುತ್ತದೆ. ಕಚ್ಚಿನ ತಳದಲ್ಲಿ ಅಕ್ಕಪಕ್ಕ ಎರಡು ಸಣ್ಣ ಬಿದಿರಿನ ಗೂಟ ಹೊಡೆದರೆ ನಿಲ್ಲುತ್ತದೆ. ಪಟ್ಟಿ ಎತ್ತಿದ ಮೇಲೆ ಸಾಲುಗಳ ನಡುವೆ ಬಾಟಲಿ ತೆಗೆಯಲು ಜಾಗ ಉಳಿಯುತ್ತದೆಯೇ ಎಂದು ಒಂದನ್ನು ಇಟ್ಟು ನೋಡಿಯೇ ಬಿಗಿಯಿರಿ. ಪಟ್ಟಿ ಮೂರೂ ಒಟ್ಟಿಗೆ ಮೇಲೇರುವುದರಿಂದ ತೊಂದರೆಯಾಗಬಾರದು.

ನಂದಿ ತಪ್ಪಲು | ಭಾನುವಾರ, ರಾತ್ರಿ 9.10

ಗಸಿ ಎದ್ದ ಬಾಟಲಿಗಳನ್ನು ಎರಡು ಮೂರು ದಿನ ನೇರವಾಗಿ ನಿಲ್ಲಿಸಿ, ಆಮೇಲೆ ಅಲುಗಾಡಿಸದೆ ಮೇಲಿನ ತಿಳಿಯನ್ನು ಬೇರೆ ಬಾಟಲಿಗೆ ಬಗ್ಗಿಸಿ. ಕೊನೆಯ ಎರಡು ಬೆರಳಷ್ಟು ಹೋದರೆ ಹೋಗಲಿ. ಒಸರಿದ ಎರಡನ್ನು ಮತ್ತೆ ಮಲಗಿಸಬೇಡಿ, ಬೇಗ ಮುಗಿಸಿ.

ಬೇಸರದವ | ಭಾನುವಾರ, ರಾತ್ರಿ 9.30

ಕೊನೆಯ ಸಲಹೆಯನ್ನು ನಾನೂ ಬೆಂಬಲಿಸುತ್ತೇನೆ. ವಿಳಾಸ ಕೊಡಿ.

ಒಂಟೇರಿಯೊ ಕನ್ನಡಿಗ | ಸೋಮವಾರ, ಬೆಳಿಗ್ಗೆ 5.00

ಗೋಡೆಗೆ ಬಿಗಿದಿದ್ದೀರಾ? ಮಕ್ಕಳು ಹತ್ತಲು ಹೋದರೆ 50 ಕೆ.ಜಿ. ಗಾಜು ಮೈಮೇಲೆ ಬರುತ್ತದೆ.

ತೋಟದಮನೆ | ಮುಂದಿನ ಭಾನುವಾರ, ಸಂಜೆ 5.30

ಮಕ್ಕಳ ಮಾತು ಓದಿದ ದಿನವೇ ಗೋಡೆಗೆ ಬಿಗಿಯಲು ಹೋದೆ. ಹಳೆಯ ಮನೆ, ಮಣ್ಣಿನ ಗಾರೆಯ ಗೋಡೆ. ತಿರುಪು ನಿಲ್ಲಲಿಲ್ಲ, ಮುಷ್ಟಿಯಷ್ಟು ಮಣ್ಣು ಕೈಗೆ ಬಂತು. ಕೊನೆಗೆ ಮೇಲಿನ ತೊಲೆಯಿಂದ ಎರಡು ಪಟ್ಟಿ ಇಳಿಸಿ ರ‍್ಯಾಕ್‌ನ ತಲೆಗೆ ಕಟ್ಟಿದೆ. ಗೋಡೆಗೂ ರ‍್ಯಾಕ್‌ಗೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದೇನೆ, ಮಳೆಗಾಲದಲ್ಲಿ ಗಾಳಿ ಆಡಲಿ ಎಂದು. ಕಾಲುಗಳ ಕೆಳಗೆ ಚಪ್ಪಡಿ ಕಲ್ಲಿನ ತುಂಡು.

ಪಟ್ಟಿ ಎತ್ತಿದ ಮೇಲೆ ಉಳಿದ ಬಾಟಲಿಗಳೆಲ್ಲ ನೆಟ್ಟಗೆ ಮಲಗಿವೆ. ಗೂಟಕ್ಕೆ ಬಿದಿರಿನ ಬದಲು ಕಾಫಿ ಗಿಡದ ಒಣ ಕಡ್ಡಿ ಹಾಕಿದೆ, ಗಟ್ಟಿ ಇದೆ. ಶುಂಠಿಯ ಎರಡು ಬಾಟಲಿ ಇನ್ನೂ ಬುಸ್ ಎನ್ನುತ್ತಿವೆ, ಅವು ಬಕೆಟ್‌ನಲ್ಲಿ ಮುಚ್ಚಳ ಸಡಿಲಿಸಿಕೊಂಡು ಕುಳಿತಿವೆ. ಅತ್ತೆಯವರು ರ‍್ಯಾಕ್ ಸುತ್ತ ಒಂದು ಸುತ್ತು ಬಂದು, ಕೆಳಗಿನ ಹಲಸಿನ ಹಲಗೆ ಮುಟ್ಟಿ, "ಇದು ನಮ್ಮ ಮಂಚವಲ್ಲವೇ?" ಎಂದರು. ಹೌದೆಂದೆ. ಸ್ವಲ್ಪ ಹೊತ್ತು ಬಿಟ್ಟು, ಭರಣಿಗೂ ಒಂದು ಮಣೆ ಮಾಡಿಕೊಡಿ, ನೆಲದ ತಣಸು ತಾಗುತ್ತದೆ ಎಂದರು. ಭರಣಿಯ ತಳದ ಅಗಲ 31 ಸೆಂ.ಮೀ. ಉಳಿದಿರುವ ಸಿಲ್ವರ್ ತುಂಡುಗಳಲ್ಲೇ ಆದೀತೇ?

ಹಳೇ ಗರಗಸ | ಭಾನುವಾರ, ಸಂಜೆ 6.05

ಭರಣಿ ತುಂಬಿದಾಗ ತೂಕ ಎಷ್ಟು? ಮೊದಲು ಅದನ್ನು ಹೇಳಿ.